ನಾಟಕದ ಶಬ್ದಗಳನ್ನು ತಿಳಿಯೋಣ



ಈ ವರ್ಷ ವಾರ್ಷಿಕೋತ್ಸವಕ್ಕೆ ನಾಟಕ ಆಡಬೇಕೆಂದು ನಮ್ಮ ಗುರುಗಳು ಹೇಳಿದ್ದಾರೆ. ನಮ್ಮ ದೇವದುರ್ಗ, ಮಾನವಿ ಕಡೆ ಊರುಗಳಲ್ಲಿ ಜಾತ್ರೆಗೆ ಬಯಲಾಟ, ನಾಟಕ ಆಡುತ್ತಾರೆ. ನಿದ್ದೆಗೆಟ್ಟು ನೋಡೀವಿ. ಆದರೆ ನೋಡೋದು ಬೇರೆ, ಆಡೋದು ಬೇರೆ. ಆಡುವವರು ಈ ಶಬ್ದಗಳನ್ನು ತಿಳಿದಿರಬೇಕು.

1. ರಂಗಸ್ಥಳ: ಪಾತ್ರಧಾರಿಗಳು ನಿಂತು ಆಡುವ ಜಾಗ. ಹಳ್ಳಿಯಲ್ಲಿ ಕಟ್ಟಿಗೆಯಿಂದ ಎತ್ತರಕ್ಕೆ ಅಟ್ಟ ಕಟ್ಟುತ್ತಾರೆ. ಅದಕ್ಕೇ ದೊಡ್ಡಾಟಕ್ಕೆ ಅಟ್ಟದಾಟ ಅಂತಲೂ ಅಂತಾರ. ಪಟ್ಟಣದಲ್ಲಿ ಇದಕ್ಕಾಗಿ ರಂಗಮಂದಿರ ಇರುತ್ತದೆ. ಉದಾ: ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ.

2. ನೇಪಥ್ಯ: ಪರದೆಯ ಹಿಂದಿನ ಜಾಗ. ಬಣ್ಣ ಹಚ್ಚುವುದು, ವೇಷ ಕಟ್ಟುವುದು ಇಲ್ಲೇ. ಇಣುಕಿ ನೋಡಬಾರದು. ನಮಗೆ ಜನ ಕಂಡರೆ ಜನರಿಗೂ ನಾವು ಕಾಣತೀವಿ.

3. ತಾಲೀಮು: ಆಡುವುದಕ್ಕಿಂತ ಮೊದಲು ಮಾಡುವ ಅಭ್ಯಾಸ. ಮಾಸ್ತರರು ಪೇಟಿ ಬಾರಿಸುತ್ತಾ ಹಾಡು, ಮಾತು, ನಡಿಗೆ ಕಲಿಸುತ್ತಾರೆ.

4. ಸಾರಥಿ: ದೊಡ್ಡಾಟದಲ್ಲಿ ಹೊಸ ಪಾತ್ರ ಬಂದ ಕೂಡಲೇ ‘ತಾವು ಯಾರು?’ ಎಂದು ಕೇಳುವವನು. ಇದರಿಂದ ಕುಂತ ಜನರಿಗೆ ಪಾತ್ರದ ಪರಿಚಯ ಆಗುತ್ತದೆ. ನಗಿಸುವವನೂ ಇವನೇ.

5. ಮಾತು: ನಮ್ಮ ಮಾತು ಬಾಯಿಪಾಠ ಆದರೆ ಸಾಲದು. ಎದುರಿನವರ ಕೊನೇ ಶಬ್ದವೂ ಗೊತ್ತಿರಬೇಕು. ರಾಜ ‘ಬಾವಿಗೆ ಯಾರು ಇಳಿಯುತ್ತೀರಿ?’ ಅಂದರೆ, ‘ಇಳಿಯುತ್ತೀರಿ’ ಕಿವಿಗೆ ಬಿದ್ದ ಕೂಡಲೇ ಸೇವಕ ‘ನಾನು’ ಅನ್ನಬೇಕು. ಸುಮ್ಮನೆ ನಿಂತರೆ ರಾಜನೂ ಸಿಕ್ಕಿಬೀಳುತ್ತಾನೆ. ಆದ್ದರಿಂದ ನಾಟಕದಾಗ ಬಾಯಿಗಿಂತ ಕಿವಿಗೆ ಕೆಲಸ ಹೆಚ್ಚು.

6. ಪಾತ್ರ: ನಾವು ಯಾರಾಗಿ ಆಡುತ್ತೇವೋ ಅದು. ಹಿಂದೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು. ಆಮೇಲೆ ಹೆಣ್ಣುಮಕ್ಕಳು ಬಂದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರ ಅವರು ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದಲ್ಲಿ ದ್ರೌಪದಿಯಾಗಿ ಬಹಳ ಹೆಸರಾದರು. ಅವರು 2020ರಲ್ಲಿ ತೀರಿಕೊಂಡರು.

‘ಹೆಣ್ಣುಮಕ್ಕಳಿಗೆ ನಾಟಕ ಯಾಕ?’ ಅಂತ ಈಗಲೂ ಕೆಲವರು ಅಂತಾರ. ನಮ್ಮ ತರಗತಿಯಲ್ಲಿ ಹುಡುಗರು ಒಂಬತ್ತು ಮಂದಿ ಹೆಸರು ಕೊಟ್ಟಾರ, ಹುಡುಗಿಯರಲ್ಲಿ ನಾನೊಬ್ಬಳೇ. ಅವ್ವ ‘ಓದು ಬಿಡದಿದ್ದರ ಆಡು’ ಅಂದಾಳ. ಅಪ್ಪ ಇನ್ನೂ ಹೂಂ ಅಂದಿಲ್ಲ. ಒಬ್ಬಳೇ ಅಂದರೆ ಮನೆಯವರು ಅಂಜುತ್ತಾರೆ, ನಾಲ್ಕು ಮಂದಿ ಆದರೆ ಒಪ್ಪುತ್ತಾರೆ. ರಾಣಿ, ಮುದುಕಿ ಮತ್ತು ಇಬ್ಬರು ಗೆಳತಿಯರ ಪಾತ್ರ ಅದಾವ. ಗೆಳತಿಯರೇ, ಶನಿವಾರದೊಳಗ ಗುರುಗಳ ಹತ್ತಿರ ಹೆಸರು ಕೊಡ್ರಿ. ಇಲ್ಲದಿದ್ದರೆ ನಮ್ಮ ರಾಣಿಗೂ ಮೀಸೆ ಬರುವ ಹುಡುಗನೇ ಆಗಬೇಕಾಗುತ್ತದೆ!

– ಏಳನೇ ತರಗತಿ ವಿದ್ಯಾರ್ಥಿನಿ