ಅನುಮಾನಕ್ಕೂ ಒಂದು ಹೊತ್ತು ಗೊತ್ತುಮಾಡಿ

ಕತೆ ಬರೆಯುವವರು, ಚಿತ್ರ ಬರೆಯುವವರು, ರಾಗ ಕೂಡಿಸುವವರು, ಎಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ‘ಇದು ನನ್ನ ಕೈಲಾಗುತ್ತದಾ?’ ಇಷ್ಟು ವರ್ಷ ಬರೆದ ಮೇಲೂ ಅದು ನನ್ನ ಬೆನ್ನು ಬಿಟ್ಟಿಲ್ಲ. ಅದರ ಜೊತೆಗೇ ಖುಷಿಯಾಗಿ ಕೆಲಸ ಮಾಡಲು ನನಗೆ ಒದಗಿದ ಸೂತ್ರಗಳು ಇವು.

1. ಬರೆಯುವ ಹೊತ್ತು ಬೇರೆ, ತಿದ್ದುವ ಹೊತ್ತು ಬೇರೆ. ತಿದ್ದುವಾಗ ಅನುಮಾನದಷ್ಟು ಒಳ್ಳೆಯ ಜೊತೆಗಾರ ಇನ್ನೊಬ್ಬನಿಲ್ಲ. ‘ಈ ಮಾತು ಬೇಕಾ? ಈ ಹೆಂಗಸು ನಿಜವಾಗಿ ಹೀಗೆ ಮಾತಾಡುತ್ತಾಳಾ?’ ಎಂದು ಕೇಳಿಸುವುದು ಅದೇ. ಆದರೆ ಮೊದಲ ಸಾಲು ಮೂಡುವ ಮುಂಚೆಯೇ ಅದು ಬಂದು ಕೂತರೆ ತಿದ್ದಲಿಕ್ಕೆ ಏನೂ ಇರುವುದಿಲ್ಲ. ಬೆಳಿಗ್ಗೆ ಬರೆದಿದ್ದನ್ನು ಸಂಜೆವರೆಗೆ ಮುಟ್ಟಬೇಡಿ.

2. ಯಾರ ಮಾತನ್ನು ಜೋಪಾನ ಮಾಡಬೇಕು ಎಂದು ನೀವೇ ಆರಿಸಿಕೊಳ್ಳಿ. ನಂತರ ವ್ಯಂಗ್ಯಚಿತ್ರಕಾರನಾದ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಶಾಲೆಯಲ್ಲಿ ಅರಳಿ ಎಲೆ ಬರೆದಾಗ ಮೇಷ್ಟ್ರು ಮೆಚ್ಚಿ ಬೆನ್ನು ತಟ್ಟಿದ್ದರು. ಮುಂದೆ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುತ್ತಿಲ್ಲ ಎಂಬ ಉತ್ತರ ಬಂತು. ಲಕ್ಷ್ಮಣ್ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ಚಿತ್ರ ಬರೆದರು. ಅಣ್ಣ ಆರ್.ಕೆ. ನಾರಾಯಣ್ ಅವರ ಕತೆಗಳಿಗೆ ಬರೆದರು, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಬರೆದರು. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಅವರ ವ್ಯಂಗ್ಯಚಿತ್ರದ ಚೌಕಳಿ ಕೋಟಿನ ಶ್ರೀಸಾಮಾನ್ಯ ಕಾಣಿಸಿಕೊಂಡ. ಮೇಷ್ಟ್ರ ಮಾತೇ ಗೆದ್ದಿತು ಅಂತ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

3. ಯಾರೂ ಕೇಳದ ಕೆಲಸ ಒಂದಿರಲಿ. ಲಕ್ಷ್ಮಣ್‌ಗೆ ಕಾಗೆಗಳಿದ್ದವು. ಹುಡುಗನಾಗಿದ್ದಾಗಿನಿಂದ ಮುಪ್ಪಿನವರೆಗೂ ಕಾಗೆ ಬರೆಯುವುದು ಅವರಿಗೆ ಸಾಕಾಗಲಿಲ್ಲ. ದಿನದ ವ್ಯಂಗ್ಯಚಿತ್ರಕ್ಕೆ ಗಡುವು ಇತ್ತು. ಕಾಗೆಗೆ ಯಾವ ಗಡುವೂ ಇರಲಿಲ್ಲ.

4. ಏನೂ ಹೊಳೆಯದ ದಿನ ಕಣ್ಣಿಗೆ ಕೆಲಸ ಕೊಡಿ. ಮಾರುಕಟ್ಟೆಯಲ್ಲಿ ಹೂ ಕಟ್ಟುವಾಕೆಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ನೆನೆಸಿದ ಬಾಳೆನಾರು, ಎರಡು ಮೊಗ್ಗು ಅತ್ತ, ಎರಡು ಇತ್ತ, ಬೆರಳಿಗೊಂದು ಸುತ್ತು, ಒಂದು ಎಳೆತ. ಅವಳ ಕಣ್ಣು ಗಿರಾಕಿಯ ಮೇಲೆ, ಬಾಯಲ್ಲಿ ಚೌಕಾಸಿ. ಬೆರಳು ಮಾತ್ರ ತಪ್ಪುವುದಿಲ್ಲ. ಮನೆಗೆ ಬಂದು ಇಷ್ಟನ್ನೇ ನಾಲ್ಕು ಸಾಲಲ್ಲಿ ಬರೆಯಿರಿ. ನೋಡುವುದರಲ್ಲಿ ಮುಳುಗಿದವರಿಗೆ ತಮ್ಮ ಯೋಗ್ಯತೆಯ ಲೆಕ್ಕ ಹಾಕಲು ಪುರುಸೊತ್ತಿರುವುದಿಲ್ಲ.

5. ಪೂರ್ತಿ ಗೊತ್ತಾಗಲಿ ಅಂತ ಕಾಯಬೇಡಿ. 1930ರಲ್ಲಿ ಆರ್.ಕೆ. ನಾರಾಯಣ್ ಅಜ್ಜಿ ಆರಿಸಿಕೊಟ್ಟ ಒಳ್ಳೆಯ ದಿನ ಒಂದು ನೋಟ್‌ಬುಕ್ ಕೊಂಡು ಕಾದಂಬರಿ ಬರೆಯಲು ಕೂತರು. ಕಣ್ಣ ಮುಂದೆ ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಮಾಲ್ಗುಡಿ ಎಂಬ ಊರು ಹುಟ್ಟಿದ್ದು ಹೀಗೆ. ಊರಿನ ಬೀದಿಗಳು, ಕಥಾನಾಯಕ ಸ್ವಾಮಿಯ ಶಾಲೆ, ಗೆಳೆಯರು ಎಲ್ಲ ಬರೆಯುತ್ತ ಹೋದಂತೆ ಬಂದವು.

6. ದಣಿದ ದಿನ ತೀರ್ಪು ಕೊಡಬೇಡಿ. ಅದೇ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ವಾಪಸ್ ಕಳಿಸಿದರು. ಬೇಸತ್ತ ನಾರಾಯಣ್, ಇದನ್ನು ಥೇಮ್ಸ್ ನದಿಗೆ ಎಸೆದುಬಿಡು ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ತಿಳಿಸಿದರು. ಗೆಳೆಯ ಹಾಗೆ ಮಾಡಲಿಲ್ಲ, ಒಯ್ದು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗಿತ್ತ. 1935ರಲ್ಲಿ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಹೊರಬಂತು. ತನ್ನ ಪುಸ್ತಕದ ಬಗ್ಗೆ ಅಂದು ತಪ್ಪಾಗಿ ಯೋಚಿಸಿದ್ದು ಅದನ್ನು ಬರೆದ ನಾರಾಯಣ್ ಅವರೇ! ನಿಮಗೂ ಅಂಥ ಗೆಳೆಯ ಒಬ್ಬ ಬೇಕು. ಬರೀ ಹೊಗಳುವವನು ಬೇಡ, ಓದುವವನು ಬೇಕು.

7. ದೊಡ್ಡ ಕೆಲಸದಲ್ಲಿ ದಿನದ ಸುಖ ಹುಡುಕಿ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದದ್ದು ಹತ್ತಿರ ಹತ್ತು ವರ್ಷ, ಅದೂ ಪಾಠ ಹೇಳುತ್ತ. ಅಚ್ಚಾದದ್ದು 1949ರಲ್ಲಿ. ಪುಸ್ತಕ ಬಂದಾಗಲೇ ಸಂತೋಷ ಅಂದುಕೊಂಡವರು ಅಷ್ಟು ದೀರ್ಘಕಾಲ ಕೂರಲಾರರು. ಇವತ್ತು ಒಂದು ಉಪಮೆ ಸರಿಯಾಗಿ ಕೂತಿತಾ? ಇವತ್ತಿನ ಸಂಬಳ ಅದೇ.

8. ಮುಗಿದದ್ದನ್ನು ಕಳಿಸಿಬಿಡಿ. ಪತ್ರಿಕೆಗೋ ಪ್ರಕಾಶಕರಿಗೋ ಹೋಗಲಿ. ಉತ್ತರ ಬರುವ ಮುಂಚೆಯೇ ಮುಂದಿನದರ ಮೊದಲ ಪುಟ ಬರೆದಿರಿ.