ನಿವೃತ್ತಿಗೆ ಊರಿಗೆ ಮರಳುವ ಮುನ್ನ: ಮೆಡಿಕೇರ್ ಪಾರ್ಟ್ ಬಿ ಕಟ್ಟಬೇಕೋ, ಬಿಡಬೇಕೋ?



ಅಮೆರಿಕದಲ್ಲಿರುವ ನಮ್ಮವರು ನಿವೃತ್ತಿಯ ವಿಚಾರ ಎತ್ತಿದರೆ ಮಾತು ಬೇಗನೆ 401ಕೆ, ಸೋಶಿಯಲ್ ಸೆಕ್ಯುರಿಟಿ, ಮೈಸೂರಿನ ಸೈಟು ಇವುಗಳ ಕಡೆ ಹೊರಳುತ್ತದೆ. ಆಸ್ಪತ್ರೆ ಖರ್ಚಿನ ಮಾತು ಬಂದಾಗ ಮಾತ್ರ "ಇಂಡಿಯಾದಲ್ಲಿ ಎಲ್ಲಾ ಅಗ್ಗ ಬಿಡಿ" ಎಂದು ಮುಗಿಸಿಬಿಡುತ್ತೇವೆ. ಅಗ್ಗ ಹೌದು. ಆದರೆ ಅಗ್ಗವಾಗಿರುವುದಕ್ಕೂ, ಬೇಕಾದಾಗ ನಮ್ಮ ಕೈಗೆ ಸಿಗುವುದಕ್ಕೂ ವ್ಯತ್ಯಾಸವಿದೆ.

ನನಗೀಗ 61, ನನ್ನ ಹೆಂಡತಿಗೆ 59. ನನಗೆ ಬಿಪಿ, ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಇಬ್ಬರೂ ಅಮೆರಿಕದ ಪ್ರಜೆಗಳು, ಕೈಯಲ್ಲಿ ಓಸಿಐ ಕಾರ್ಡ್ ಇದೆ. 2029ರಲ್ಲಿ ಮೈಸೂರಿಗೆ ಮರಳುವ ಯೋಜನೆ. ಮಗಳು ನ್ಯೂಜೆರ್ಸಿಯಲ್ಲೇ ಇರುತ್ತಾಳೆ. ಈ ಲೆಕ್ಕ ನಮಗಾಗಿಯೇ ಹಾಕಿಕೊಂಡದ್ದು. ನಿಮ್ಮ ಪರಿಸ್ಥಿತಿ ಬೇರೆ ಇರಬಹುದು, ಆದರೆ ಲೆಕ್ಕ ಹಾಕುವ ಕ್ರಮ ಹೆಚ್ಚುಕಡಿಮೆ ಇದೇ.

ಮೆಡಿಕೇರ್ ವಿಮಾನ ಹತ್ತುವುದಿಲ್ಲ

ಮೊದಲು ಮೂಲ ವಿಷಯ. ಮೆಡಿಕೇರ್ ಸಿಗುವುದು 65ಕ್ಕೆ. ಅದರಲ್ಲಿ ಪಾರ್ಟ್ ಎ ಅಂದರೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚು. ಪಾರ್ಟ್ ಬಿ ಅಂದರೆ ವೈದ್ಯರ ಫೀಸು, ಟೆಸ್ಟು, ದಾಖಲಾಗದೆ ಪಡೆಯುವ ಚಿಕಿತ್ಸೆ. 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷ ಮೆಡಿಕೇರ್ ತೆರಿಗೆ ಕಟ್ಟಿ ದುಡಿದಿದ್ದರೆ ಪಾರ್ಟ್ ಎಗೆ ಪ್ರೀಮಿಯಂ ಇಲ್ಲ. ಎಚ್4 ವೀಸಾದಲ್ಲಿ ಎಷ್ಟೋ ವರ್ಷ ಮನೆಯಲ್ಲೇ ಇದ್ದು 40 ಕ್ವಾರ್ಟರ್ ಆಗದವರು ಗಾಬರಿಯಾಗಬೇಕಿಲ್ಲ. ಗಂಡನ ಅಥವಾ ಹೆಂಡತಿಯ ದುಡಿಮೆಯ ಲೆಕ್ಕದಲ್ಲೂ ಅದು ಸಿಗುತ್ತದೆ.

ಪಾರ್ಟ್ ಬಿಗೆ ಎಲ್ಲರೂ ಪ್ರೀಮಿಯಂ ಕಟ್ಟಬೇಕು. 2025ರಲ್ಲಿ ಅದು ತಲೆಗೆ ತಿಂಗಳಿಗೆ 185 ಡಾಲರ್. ಆದಾಯ ಹೆಚ್ಚಿದ್ದರೆ ಇನ್ನೂ ಜಾಸ್ತಿ, ಅದಕ್ಕೆ ಎರಡು ವರ್ಷ ಹಿಂದಿನ ತೆರಿಗೆ ರಿಟರ್ನ್ ನೋಡುತ್ತಾರೆ. ಹಾಗಾಗಿ ಊರಿಗೆ ಹೊರಡುವ ವರ್ಷ ಮನೆ ಮಾರಿ ದೊಡ್ಡ ಲಾಭ ಬಂದರೆ, ಎರಡು ವರ್ಷದ ನಂತರ ಪ್ರೀಮಿಯಂ ಏರಬಹುದು ಎಂಬುದು ನೆನಪಿರಲಿ.

ಈಗ ಮುಖ್ಯ ಮಾತು: ತೀರಾ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಅಮೆರಿಕದ ಹೊರಗೆ ಪಡೆದ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಿಲ್ ಕಳಿಸಿದರೆ ಒಂದು ಡಾಲರೂ ಬರುವುದಿಲ್ಲ. ಕೆಲವು ಮೆಡಿಗ್ಯಾಪ್ ಪಾಲಿಸಿಗಳಲ್ಲಿ ವಿದೇಶ ಪ್ರವಾಸದ ತುರ್ತು ಚಿಕಿತ್ಸೆಗೆ ರಕ್ಷಣೆ ಇದೆ ನಿಜ. ಆದರೆ ಅದು ಪ್ರವಾಸದ ಮೊದಲ 60 ದಿನಕ್ಕೆ ಮಾತ್ರ. 250 ಡಾಲರ್ ನಾವು ಕಟ್ಟಿದ ಮೇಲೆ ಉಳಿದದ್ದರಲ್ಲಿ ಶೇ 80 ಕೊಡುತ್ತಾರೆ, ಜೀವಮಾನದ ಮಿತಿ 50,000 ಡಾಲರ್. ಊರಿಗೆ ಹೋಗಿಬರುವವರಿಗೆ ಇದು ಸರಿ, ಊರಲ್ಲಿ ನೆಲೆಸುವವರಿಗೆ ಅಲ್ಲ.

ಹತ್ತು ವರ್ಷದ ಸೂತ್ರ

ಹಾಗಾದರೆ ಬಳಸಲಾಗದ ಪಾರ್ಟ್ ಬಿಗೆ ಮೈಸೂರಿನಲ್ಲಿ ಕೂತು ಯಾಕೆ ಹಣ ಕಟ್ಟಬೇಕು? ಕಾರಣ, ದಂಡ. 65ರ ಹೊತ್ತಿಗೆ ಸೇರದೆ ಆಮೇಲೆ ಸೇರಿದರೆ, ತಡವಾದ ಪ್ರತಿ ಪೂರ್ಣ 12 ತಿಂಗಳಿಗೆ ಶೇ 10ರಷ್ಟು ಪ್ರೀಮಿಯಂ ಜಾಸ್ತಿ. ಪಾರ್ಟ್ ಬಿ ಇರುವಷ್ಟು ಕಾಲವೂ ಅದನ್ನು ಕಟ್ಟಬೇಕು. ನೌಕರಿಯಲ್ಲಿದ್ದು ಕಂಪನಿಯ ವಿಮೆ ಇರುವವರಿಗೆ ವಿನಾಯಿತಿ ಉಂಟು. ನಿವೃತ್ತರಾಗಿ ವಿದೇಶದಲ್ಲಿ ಇದ್ದೆ ಎಂಬುದು ವಿನಾಯಿತಿಗೆ ಕಾರಣವಾಗುವುದಿಲ್ಲ.

ಉದಾಹರಣೆ ನೋಡಿ. ಒಬ್ಬರು 65ಕ್ಕೆ ಪಾರ್ಟ್ ಬಿ ಬಿಟ್ಟು ಊರಿಗೆ ಹೋದರು, 75ಕ್ಕೆ ಮಕ್ಕಳ ಹತ್ತಿರ ಮರಳಿದರು ಎನ್ನೋಣ. ಪ್ರೀಮಿಯಂ 185 ಡಾಲರೇ ಇದ್ದರೆ ಹತ್ತು ವರ್ಷದಲ್ಲಿ ಉಳಿದದ್ದು 22,200 ಡಾಲರ್. ಮರಳಿದ ಮೇಲೆ ದಂಡ ಶೇ 100, ಅಂದರೆ ತಿಂಗಳಿಗೆ 370 ಡಾಲರ್. ಈ ಹೆಚ್ಚುವರಿ 185 ಡಾಲರ್ ಹಿಂದೆ ಉಳಿಸಿದ 22,200ನ್ನು ತಿಂದುಹಾಕಲು ಸರಿಯಾಗಿ ಹತ್ತು ವರ್ಷ ಬೇಕು.

ಐದೇ ವರ್ಷ ಊರಲ್ಲಿದ್ದರೆ? ಉಳಿತಾಯ 11,100 ಡಾಲರ್, ದಂಡ ಶೇ 50, ತಿಂಗಳಿಗೆ 92.50 ಡಾಲರ್. ಸಮವಾಗಲು ಮತ್ತೆ ಹತ್ತೇ ವರ್ಷ! ಎಷ್ಟು ವರ್ಷ ಹೊರಗಿದ್ದರೂ ಉತ್ತರ ಒಂದೇ: ಅಮೆರಿಕಕ್ಕೆ ಮರಳಿದ ಮೇಲೆ ಹತ್ತು ವರ್ಷಕ್ಕಿಂತ ಹೆಚ್ಚು ಬದುಕಿದರೆ ಬಿಟ್ಟದ್ದು ನಷ್ಟ, ಕಡಿಮೆಯಾದರೆ ಲಾಭ. ಪ್ರೀಮಿಯಂ ವರ್ಷವರ್ಷ ಏರುತ್ತದೆ, ದಂಡ ಲೆಕ್ಕವಾಗುವುದು ಆಗಿನ ದರದ ಮೇಲೆ. ಆದ್ದರಿಂದ ನಿಜವಾದ ಅವಧಿ ಹತ್ತಕ್ಕಿಂತ ಕಡಿಮೆಯಾದೀತು. ಉಳಿಸಿದ ಹಣವನ್ನು ಹೂಡಿಕೆ ಮಾಡಿದರೆ ಅವಧಿ ಮತ್ತೆ ಉದ್ದವಾಗುತ್ತದೆ. ಒಟ್ಟಿನಲ್ಲಿ, ದಂಡ ಎಂಬ ಹೆಸರಿಗೆ ಹೆದರಬೇಕಿಲ್ಲ. ಹಣದ ಲೆಕ್ಕವೊಂದೇ ನೋಡಿದರೆ ಎರಡೂ ದಾರಿ ಹತ್ತಿರಹತ್ತಿರವೇ.

ಹಣಕ್ಕಿಂತ ದೊಡ್ಡ ತೊಂದರೆ

ನಮ್ಮ ಮನೆಯಲ್ಲಿ ಈ ಲೆಕ್ಕ ತೋರಿಸಿದಾಗ ಮಗಳು ಕೇಳಿದ್ದು ಬೇರೆ ಪ್ರಶ್ನೆ: "ಅಪ್ಪಾ, ನೀವು ಹುಷಾರಿಲ್ಲದೇ ಏಪ್ರಿಲ್ ತಿಂಗಳಲ್ಲಿ ಇಲ್ಲಿಗೆ ಬಂದ್ರೆ ಏನ್ಮಾಡ್ತೀರಾ?"

ಅವಳ ಪ್ರಶ್ನೆ ಸರಿಯಾಗಿತ್ತು. ಪಾರ್ಟ್ ಬಿ ತಪ್ಪಿಸಿಕೊಂಡವರು ಸೇರಬಹುದಾದದ್ದು ಜನವರಿ 1ರಿಂದ ಮಾರ್ಚ್ 31ರ ನಡುವೆ ಮಾತ್ರ. ಸೇರಿದ ಮುಂದಿನ ತಿಂಗಳಿಂದ ರಕ್ಷಣೆ ಶುರು. ಏಪ್ರಿಲ್‌ನಲ್ಲಿ ಬಂದಿಳಿದವರು ಮುಂದಿನ ಜನವರಿವರೆಗೆ ಕಾಯಬೇಕು, ಫೆಬ್ರವರಿಗೆ ವಿಮೆ ಸಿಗುತ್ತದೆ. ಅಲ್ಲಿಯವರೆಗೆ ಪಾರ್ಟ್ ಎ ಆಸ್ಪತ್ರೆಯ ಬಿಲ್ ನೋಡಿಕೊಂಡೀತು. ಸರ್ಜನ್ ಫೀಸು, ಸ್ಕ್ಯಾನು, ಕೀಮೋ ನಿಮ್ಮ ಜೇಬಿನಿಂದ. ಮೆಡಿಕೇರ್ ಇರುವವರಿಗೆ ಮಾರ್ಕೆಟ್‌ಪ್ಲೇಸ್ ಪಾಲಿಸಿ ಮಾರುವಂತೆಯೂ ಇಲ್ಲ. ವಯಸ್ಸಾದವರು ಊರು ಬಿಟ್ಟು ಮಕ್ಕಳ ಹತ್ತಿರ ಮರಳುವುದು ಸಾಮಾನ್ಯವಾಗಿ ಯಾವಾಗ? ಆರೋಗ್ಯ ಕೆಟ್ಟಾಗ, ಇಲ್ಲವೇ ಇಬ್ಬರಲ್ಲಿ ಒಬ್ಬರು ಹೋದಾಗ. ಆ ಹೊತ್ತಿಗೆ ಹತ್ತು ತಿಂಗಳ ಅಂತರ ಬಹಳ ದೊಡ್ಡದು.

ಇದರ ಇನ್ನೊಂದು ಮಗ್ಗುಲೂ ಇದೆ. ಆರೋಗ್ಯ ಪ್ರಶ್ನೆ ಕೇಳದೆ ಮೆಡಿಗ್ಯಾಪ್ ಕೊಡಲೇಬೇಕಾದ ಆರು ತಿಂಗಳ ಅವಧಿ ಶುರುವಾಗುವುದು, 65 ದಾಟಿ ಪಾರ್ಟ್ ಬಿ ಜಾರಿಯಾದ ತಿಂಗಳಿಂದ. 65ಕ್ಕೇ ಪಾರ್ಟ್ ಬಿ ತೆಗೆದುಕೊಂಡು ಮೈಸೂರಿಗೆ ಹೋದರೆ ಆ ಅವಧಿ ಅಲ್ಲಿರುವಾಗಲೇ ಕಳೆದುಹೋಗುತ್ತದೆ. ಮರಳಿದಾಗ ಹೆಚ್ಚಿನ ರಾಜ್ಯಗಳಲ್ಲಿ ಮೆಡಿಗ್ಯಾಪ್ ಕಂಪನಿ ನಿಮ್ಮ ಆರೋಗ್ಯ ನೋಡಿ ಬೇಡ ಎನ್ನಬಹುದು. ಮೆಡಿಕೇರ್ ಅಡ್ವಾಂಟೇಜ್ ಮತ್ತು ಔಷಧಿಯ ಪಾರ್ಟ್ ಡಿಗೆ ಈ ತೊಂದರೆ ಇಲ್ಲ. ಪಾರ್ಟ್ ಎ ಮತ್ತು ಬಿ ಎರಡೂ ಇದ್ದವರು ಅಮೆರಿಕಕ್ಕೆ ಮರಳಿದಾಗ ಅವಕ್ಕೆ ಸೇರಲು ಎರಡು ತಿಂಗಳ ವಿಶೇಷ ಅವಕಾಶವಿದೆ.

ಊರಿನ ಪಾಲಿಸಿ: ಬಾಯಾರಿದಾಗ ಬಾವಿ ತೋಡಬೇಡಿ

ಊರಲ್ಲಿ ನಮ್ಮನ್ನು ಕಾಯುವುದು ಊರಿನ ವಿಮೆಯೇ. ಇತ್ತೀಚೆಗೆ ಇಲ್ಲಿ ಒಳ್ಳೆಯ ಬದಲಾವಣೆಗಳಾಗಿವೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಏಪ್ರಿಲ್‌ನಿಂದ 65 ವರ್ಷದ ಪ್ರವೇಶ ಮಿತಿಯನ್ನು ತೆಗೆದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 48 ತಿಂಗಳಿದ್ದದ್ದು 36ಕ್ಕೆ ಇಳಿದಿದೆ. ಐದು ವರ್ಷ ಸತತವಾಗಿ ಪಾಲಿಸಿ ಇದ್ದರೆ, ವಂಚನೆ ಸಾಬೀತಾಗದ ಹೊರತು, ವಿವರ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ 18ರ ಜಿಎಸ್‌ಟಿಯೂ ಇಲ್ಲ.

ಆದರೂ 36 ತಿಂಗಳು ಅಂದರೆ ಮೂರು ವರ್ಷ. ಊರಿಗೆ ಹೋದ ಮೇಲೆ ಪಾಲಿಸಿ ತೆಗೆದುಕೊಂಡರೆ ನನ್ನ ಹೆಂಡತಿಯ ಸಕ್ಕರೆ ಕಾಯಿಲೆಯಿಂದಾಗುವ ತೊಂದರೆಗೆ ಅಷ್ಟು ಕಾಲ ರಕ್ಷಣೆ ಇಲ್ಲದೆ ಹೋಗಬಹುದು. ಇಲ್ಲೇ ವಿದೇಶದಲ್ಲಿರುವವರಿಗೆ ಒಂದು ಅನುಕೂಲ: ಪಾಲಿಸಿ ಶುರುವಾದ ದಿನದಿಂದ ಕಾಯುವ ಅವಧಿ ಓಡುತ್ತದೆ, ನೀವು ಎಲ್ಲಿದ್ದರೂ ಸರಿ. ತಪ್ಪದೆ ನವೀಕರಿಸಿದರೆ ಸಾಕು. ಅನಿವಾಸಿಗಳಿಗೂ ಓಸಿಐ ಇರುವವರಿಗೂ ಪಾಲಿಸಿ ಕೊಡುವ ಕಂಪನಿಗಳಿವೆ. ನಾವು 2024ರ ಡಿಸೆಂಬರ್‌ನಲ್ಲಿ ರಜೆಗೆ ಹೋದಾಗ ವೈದ್ಯಕೀಯ ತಪಾಸಣೆ ಮುಗಿಸಿ ಪಾಲಿಸಿ ಮಾಡಿಸಿದೆವು. 2027ರ ಡಿಸೆಂಬರ್‌ಗೆ ಮೂರು ವರ್ಷ ತುಂಬುತ್ತದೆ, ನಾವು ಹೋಗುವುದು 2029ಕ್ಕೆ.

ಪಾಲಿಸಿ ಆರಿಸುವಾಗ ನಾನು ನೋಡಿದ್ದು ನಾಲ್ಕು ವಿಷಯ:

1. ರೂಮ್ ಬಾಡಿಗೆ ಮಿತಿ. ದಿನಕ್ಕೆ 5,000 ರೂಪಾಯಿ ಮಿತಿ ಇದ್ದು ನೀವು 10,000 ರೂಪಾಯಿಯ ರೂಮ್ ತೆಗೆದುಕೊಂಡರೆ, ಬಾಡಿಗೆ ಮಾತ್ರವಲ್ಲ, ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಖರ್ಚೂ ಅದೇ ಅನುಪಾತದಲ್ಲಿ ಅರ್ಧವಾಗಬಹುದು. ಈ ಮಿತಿ ಇಲ್ಲದ ಪಾಲಿಸಿ ನೋಡಿ.
2. ಕೋ-ಪೇ. ಹಿರಿಯರ ಪಾಲಿಸಿಯಲ್ಲಿ ಶೇ 20 ಕೋ-ಪೇ ಇದ್ದರೆ 8 ಲಕ್ಷದ ಬಿಲ್ಲಿಗೆ 1.6 ಲಕ್ಷ ನಿಮ್ಮದು.
3. ನಿಮ್ಮ ಊರಿನಲ್ಲೇ ನಗದುರಹಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿ. ಬೆಂಗಳೂರಿನಲ್ಲಿ ಇಪ್ಪತ್ತು ಆಸ್ಪತ್ರೆ ಇದ್ದು ಹಾಸನದಲ್ಲಿ ಒಂದೂ ಇಲ್ಲದಿದ್ದರೆ, ಹಾಸನದಲ್ಲಿ ನೆಲೆಸುವವರಿಗೆ ಏನು ಪ್ರಯೋಜನ?
4. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಪ್ರತ್ಯೇಕ ಕಾಯುವ ಅವಧಿ ಎಷ್ಟು ಎಂಬುದು.

ಅರ್ಜಿಯಲ್ಲಿ ಬಿಪಿ, ಶುಗರ್, ಹಳೆಯ ಆಪರೇಷನ್, ಎಲ್ಲವನ್ನೂ ಬರೆಯಿರಿ. ಏಜೆಂಟ್ "ಅದೆಲ್ಲಾ ಬೇಡ ಸಾರ್" ಎಂದರೂ ಬರೆಯಿರಿ. ಕ್ಲೇಮ್ ಹೊತ್ತಿಗೆ ಏಜೆಂಟ್ ನಿಮ್ಮ ಪಕ್ಕದಲ್ಲಿರುವುದಿಲ್ಲ.

ಯಾವ ವಿಮೆಯೂ ಕೊಡದ ಖರ್ಚು

ಸ್ನಾನ ಮಾಡಿಸಲು, ಊಟ ಮಾಡಿಸಲು, ರಾತ್ರಿ ಜೊತೆಗಿರಲು ಜನ ಬೇಕಾಗುವ ಕಾಲ ಬರುತ್ತದೆ. ಈ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲಿನ ನುರಿತ ಶುಶ್ರೂಷೆಗೆ ಗರಿಷ್ಠ 100 ದಿನ, ಅಷ್ಟೇ. ಊರಿನ ಸಾಮಾನ್ಯ ಪಾಲಿಸಿಗಳೂ ಇದನ್ನು ಕೊಡುವುದಿಲ್ಲ. ವ್ಯತ್ಯಾಸವಿರುವುದು ಬೆಲೆಯಲ್ಲಿ: ಮನೆಗೆ ಬಂದು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವುದು ಮೈಸೂರಿನಲ್ಲಿ ನಮ್ಮ ಸೋಶಿಯಲ್ ಸೆಕ್ಯುರಿಟಿ ಹಣದಲ್ಲಿ ಸಾಧ್ಯ, ನ್ಯೂಜೆರ್ಸಿಯಲ್ಲಿ ಸಾಧ್ಯವಿಲ್ಲ. ನಮ್ಮ ಮಟ್ಟಿಗೆ ಊರಿಗೆ ಹೋಗಲು ಇರುವ ಅತಿ ಬಲವಾದ ಆರ್ಥಿಕ ಕಾರಣ ಇದು.

ಇದಕ್ಕೂ ಹೊರರೋಗಿ ಖರ್ಚಿಗೂ ನಾನು ನೆಚ್ಚಿಕೊಂಡಿರುವುದು ಎಚ್‌ಎಸ್‌ಎ ಖಾತೆಯನ್ನು. ಅರ್ಹ ವೈದ್ಯಕೀಯ ಖರ್ಚು ಭಾರತದಲ್ಲಾದರೂ ಅಮೆರಿಕದ ತೆರಿಗೆ ಇಲ್ಲದೆ ಅದರಿಂದ ತೆಗೆಯಬಹುದು, ಬಿಲ್ ಇಟ್ಟುಕೊಂಡಿರಬೇಕು. 65ರ ನಂತರ ಬೇರೆ ಖರ್ಚಿಗೆ ತೆಗೆದರೆ ಆದಾಯ ತೆರಿಗೆ ಮಾತ್ರ, ಶೇ 20ರ ದಂಡ ಇಲ್ಲ. ಪಾರ್ಟ್ ಬಿ ಪ್ರೀಮಿಯಮನ್ನೂ ಇದರಿಂದ ಕಟ್ಟಬಹುದು, ಮೆಡಿಗ್ಯಾಪ್ ಪ್ರೀಮಿಯಮನ್ನು ಕಟ್ಟುವಂತಿಲ್ಲ. ಮೆಡಿಕೇರ್ ಸೇರಿದ ಮೇಲೆ ಹೊಸದಾಗಿ ಹಣ ಹಾಕುವಂತಿಲ್ಲವಾದ್ದರಿಂದ, ತುಂಬುವುದಾದರೆ ಈಗಲೇ ತುಂಬಬೇಕು.

ಬೇರೆ ದೇಶಗಳಲ್ಲಿರುವವರಿಗೆ ಒಂದು ಮಾತು

ಬ್ರಿಟನ್ನಿನಲ್ಲಿರುವವರಿಗೆ ದಂಡದ ಚಿಂತೆ ಇಲ್ಲ. ಎನ್‌ಎಚ್‌ಎಸ್ ನಿಂತಿರುವುದು ವಾಸದ ಮೇಲೆ. ಭಾರತದಲ್ಲಿ ನೆಲೆಸಿದರೆ ಹಕ್ಕು ಹೋಗುತ್ತದೆ, ಖಾಯಂ ಆಗಿ ಮರಳಿ ನೆಲೆಸಿದರೆ ಮತ್ತೆ ಸಿಗುತ್ತದೆ. ಗಲ್ಫ್‌ನಲ್ಲಿರುವವರದ್ದು ಇದಕ್ಕೆ ತದ್ವಿರುದ್ಧ: ಕೆಲಸ ಮುಗಿದರೆ ಕಂಪನಿಯ ವಿಮೆಯೂ ಮುಗಿಯಿತು, ಮರಳಿ ಹೋಗಲು ಯಾವ ಸರ್ಕಾರಿ ವ್ಯವಸ್ಥೆಯೂ ಇಲ್ಲ. ಅವರಿಗೆ ಊರಿನ ಪಾಲಿಸಿಯೇ ಮೊದಲ ಮತ್ತು ಕೊನೆಯ ರಕ್ಷಣೆ. ಐವತ್ತಕ್ಕೆ ಮೊದಲೇ, ಕಾಯಿಲೆ ಬರುವ ಮುನ್ನವೇ ಮಾಡಿಸಿಕೊಳ್ಳುವುದು ಜಾಣತನ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಮಾತ್ರ ಇರುವವರು ಊರಲ್ಲಿ ನೆಲೆಸಿದರೆ ಕಾರ್ಡೇ ಕೈತಪ್ಪಬಹುದು. ಅವರಿಗೆ ಮೇಲಿನ ಪಾರ್ಟ್ ಬಿ ಲೆಕ್ಕ ಅನ್ವಯಿಸುವುದಿಲ್ಲ.

ನಾವು ತೀರ್ಮಾನಿಸಿದ್ದು

ನಾನು 65ಕ್ಕೆ ಪಾರ್ಟ್ ಬಿ ತೆಗೆದುಕೊಂಡು ಮೊದಲ ಎರಡು ವರ್ಷ ಕಟ್ಟುತ್ತೇನೆ. ಊರಿನ ಬದುಕು ಒಗ್ಗುತ್ತದೋ ಇಲ್ಲವೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. 2025ರ ದರದಲ್ಲಿ ಅದರ ಬೆಲೆ 4,440 ಡಾಲರ್. ಈ ಎರಡು ವರ್ಷದಲ್ಲಿ ಮಗಳ ಮನೆಗೆ ಬಂದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಆಮೇಲೆ ಮುಂದುವರಿಸುವುದೋ ಬಿಡುವುದೋ ಎಂದು ಪ್ರತಿ ಡಿಸೆಂಬರ್‌ನಲ್ಲಿ ಕೂತು ಮಾತಾಡುತ್ತೇವೆ. ಹೆಂಡತಿಗೆ 65 ಆಗುವುದು ನನಗಿಂತ ಎರಡು ವರ್ಷ ತಡವಾಗಿ, ಆದ್ದರಿಂದ ಅವಳ ತೀರ್ಮಾನಕ್ಕೆ ನಮ್ಮ ಅನುಭವವೇ ಆಧಾರವಾಗುತ್ತದೆ.

ಈ ವಾರಾಂತ್ಯ ನೀವು ಮಾಡಬಹುದಾದ ಕೆಲಸ ಒಂದಿದೆ. ನೀವಿಬ್ಬರೂ ಒಂದು ಹಾಳೆ ತೆಗೆದುಕೊಂಡು, "ಎಂಬತ್ತರ ಹೊತ್ತಿಗೆ ನಾವು ಯಾವ ಊರಿನಲ್ಲಿರಬೇಕು?" ಎಂಬ ಪ್ರಶ್ನೆಗೆ ಬೇರೆಬೇರೆಯಾಗಿ ಉತ್ತರ ಬರೆಯಿರಿ. ಎರಡು ಉತ್ತರವೂ ಒಂದೇ ಆಗಿದ್ದರೆ ಉಳಿದದ್ದು ಬರೀ ಕೂಡಿ ಕಳೆಯುವ ಲೆಕ್ಕ. ಬೇರೆಯಾಗಿದ್ದರೆ ಪ್ರೀಮಿಯಂ ಲೆಕ್ಕಕ್ಕಿಂತ ಮೊದಲು ಆ ಮಾತು ಮುಗಿಸಿಕೊಳ್ಳಿ.