ಅಗಲ ಟೈರ್ ಹಾಕಿಸುವ ಮುನ್ನ

ಬಿ.ದುರ್ಗದಿಂದ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ದಿನಾ ಓಡಾಡುವ ಕಾರನ್ನು ತಗ್ಗಿಸಿದ್ದೀರಾ? ಈಗ ಅಗಲ ಟೈರಿನ ಆಸೆಯೇ? ಹಾಕಿಸಿ, ಆದರೆ ಅಳತೆ ನೋಡಿ ಹಾಕಿಸಿ.

ಆಕ್ಟೇವಿಯಾದಂಥ ಕಾರಿನ 205/55 ಆರ್16 ಟೈರಿನ ಎತ್ತರ ಸುಮಾರು 632 ಮಿ.ಮೀ. 225/45 ಆರ್17 ಹಾಕಿದರೆ 634. ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ಪೇಚು ಇರುವುದು ಅಗಲದಲ್ಲಿ. ಆಫ್‌ಸೆಟ್ (ರಿಮ್ಮಿನ ನಡುಗೆರೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ಇರುವ ಅಂತರ) ಬದಲಿಸದೆ ರಿಮ್ ಒಂದಿಂಚು ಅಗಲವಾದರೆ ಒಳಕ್ಕೂ ಹೊರಕ್ಕೂ 12.7 ಮಿ.ಮೀ. ಚಾಚುತ್ತದೆ. ಒಳಗೆ ಶಾಕ್ ಅಬ್ಸಾರ್ಬರ್, ಹೊರಗೆ ಫೆಂಡರಿನ ಅಂಚು.

ಅಂಗಡಿ ಮುಂದೆ ನಿಂತ ಕಾರಿನಲ್ಲಿ ಏನೂ ಉಜ್ಜುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ನಿಧಾನವಾಗಿ ಹಂಪ್ ಹತ್ತಿಸಿ. ಆಮೇಲೆ ಟಾರ್ಚ್ ಹಿಡಿದು ಚಕ್ರದ ಒಳಬದಿ ನೋಡಿ. ಟೈರಿನ ಮೇಲೆ ಹೊಸ ಗೀರು ಕಂಡರೆ ಆ ರಿಮ್ ಬೇಡ, ಅಂಗಡಿಯವರು ಏನೇ ಹೇಳಲಿ.

ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆಯಿರಬಾರದು. 91 ಎಂದಿದ್ದರೆ ಒಂದು ಟೈರು 615 ಕಿಲೊ ಹೊರಬಲ್ಲದು. ಪಕ್ಕದ ಗೋಡೆ ಗಿಡ್ಡಾದ ಟೈರು ಗುಂಡಿಗೆ ಬಿದ್ದರೆ ರಿಮ್ಮೇ ಸೊಟ್ಟಗಾಗುತ್ತದೆ, ಗಾಳಿ ಕಡಿಮೆಯಾಗಲು ಬಿಡಬೇಡಿ. ಇನ್ನೊಂದು ಮಾತು: ತಯಾರಕರ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ದುಡ್ಡು ಕೊಡುವ ಮೊದಲೇ ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿಕೊಳ್ಳಿ.